ರಿಜಿಸ್ಟರಿನಿಂದ ಅಂಗೈ ಗಣಕಕ್ಕೆ: ದಾದಿಯರ ಬರವಣಿಗೆಯ ಕಥೆ

ಅಂಗೈಯಲ್ಲಿ ಹಿಡಿಯಬಹುದಾದ ಗಣಕಯಂತ್ರ ನಮ್ಮ ದಾದಿಯರ ಕೈಗೆ ಬಂದ ಬಗೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಯಂತ್ರದಿಂದಲೇ ಆರಂಭಿಸುತ್ತಾರೆ. ಯಾವ ಕಂಪನಿ, ಯಾವ ಇಸವಿ, ಎಷ್ಟು ಬೆಲೆ ಎಂಬುದೇ ಅವರಿಗೆ ಮುಖ್ಯ. ನನಗೆ ಅದು ಸರಿಯಾದ ಆರಂಭವೆಂದು ತೋರುವುದಿಲ್ಲ. ಆ ಯಂತ್ರ ಬರುವುದಕ್ಕೆ ಬಹಳ ಮೊದಲು ಅದೇ ಕೈಯಲ್ಲಿ ಒಂದು ರಿಜಿಸ್ಟರು ಇತ್ತು. ಯಂತ್ರವನ್ನು ತಂದುದೇ ಆ ರಿಜಿಸ್ಟರಿನ ಹೊರೆ ಇಳಿಸುವೆವು ಎಂಬ ಮಾತಿನ ಮೇಲೆ. ಹೊರೆ ಇಳಿಯಿತೆ, ಇಳಿದಿದ್ದರೆ ಯಾರ ತಲೆಯಿಂದ ಇಳಿದು ಯಾರ ತಲೆಗೆ ಏರಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಕೇಂದ್ರ ಸರಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷಗಳನ್ನು ಕಡತ-ರಿಜಿಸ್ಟರುಗಳ ನಡುವೆಯೇ ಕಳೆದವನಿಗೆ ಇಂಥ ವಿಷಯದಲ್ಲಿ ಆಸಕ್ತಿ ತುಸು ಹೆಚ್ಚಾದರೆ ವಾಚಕರು ಮನ್ನಿಸಬೇಕು. ವರ್ಗವಾಗಿ ಕೆಲಕಾಲ ತಿರುವನಂತಪುರದಲ್ಲಿಯೂ ಆಮೇಲೆ ಕೊಚ್ಚಿಯಲ್ಲಿಯೂ ಇದ್ದುದರಿಂದ ಕೇರಳದ ಮಾತೇ ಇಲ್ಲಿ ಹೆಚ್ಚಾಗಿ ಬರುತ್ತದೆ.

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮಗೆ ನೆನಪಾಗುವುದು ಕೈಯಲ್ಲಿ ದೀಪ ಹಿಡಿದ ಚಿತ್ರ. ಶಾಲೆಯ ಪಾಠಪುಸ್ತಕಗಳು ಆ ದೀಪವನ್ನು ಎಷ್ಟು ಹೊಗಳಿದವೆಂದರೆ ಆಕೆಯ ಲೆಕ್ಕದ ಪುಸ್ತಕ ಮರೆತೇಹೋಯಿತು. ಕ್ರಿಮಿಯಾ ಯುದ್ಧದಿಂದ ಹಿಂದಿರುಗಿದ ಆಕೆ ಸೈನಿಕರ ಮರಣದ ಲೆಕ್ಕವನ್ನು ತಿಂಗಳುವಾರು ಬಿಡಿಸಿ, ಗಾಯದಿಂದ ಸತ್ತವರಿಗಿಂತ ಆಸ್ಪತ್ರೆಯ ಕೊಳಕಿನಿಂದ ಬಂದ ರೋಗಗಳಿಗೆ ಬಲಿಯಾದವರೇ ಹೆಚ್ಚೆಂದು ಚಿತ್ರ ಬರೆದು ತೋರಿಸಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿಕೊಂಡಿತು. ಮರುವರ್ಷ ಭಾರತದ ಸೈನ್ಯದ ಆರೋಗ್ಯ ವಿಚಾರಿಸಲು ರಾಯಲ್ ಕಮಿಷನ್ ನೇಮಕವಾದಾಗ, ಇಲ್ಲಿಯ ಒಂದೊಂದು ದಂಡುಪ್ರದೇಶಕ್ಕೂ ಪ್ರಶ್ನೆಗಳ ನಮೂನೆಯನ್ನು ಕಳುಹಿಸಿ ಉತ್ತರ ತರಿಸಿಕೊಂಡವಳೂ ಆಕೆಯೇ. 1863ರಲ್ಲಿ ವರದಿ ಹೊರಬಿತ್ತು. ಭಾರತದ ನೆಲವನ್ನು ಆಕೆ ಒಮ್ಮೆಯೂ ಮೆಟ್ಟಲಿಲ್ಲ. ಖಾಲಿ ನಮೂನೆ ಇತ್ತ ಬಂತು, ತುಂಬಿದ ನಮೂನೆ ಅತ್ತ ಹೋಯಿತು. ಅಷ್ಟರಿಂದಲೇ ಒಂದು ದೇಶದ ಬಾವಿ, ಚರಂಡಿ, ಬ್ಯಾರಕ್ಕುಗಳ ಮಾತು ಪಾರ್ಲಿಮೆಂಟಿನವರೆಗೆ ಮುಟ್ಟಿತು. ನಮೂನೆಯ ಶಕ್ತಿ ಎಂಥದೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಆದರೆ ತುಂಬಿ ಕಳುಹಿಸಿದವನಿಗೆ ಅದರಿಂದ ಒದಗುವ ಲಾಭ ಏನೆಂಬ ಪ್ರಶ್ನೆಯೂ ಅಂದಿನಿಂದಲೇ ಇದೆ.

ಈ ನಮೂನೆ ಹಳ್ಳಿಯ ಮನೆಯಂಗಳವನ್ನು ತಲುಪಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. 1930ರ ಆಸುಪಾಸಿನಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ನಮ್ಮ ಮೈಸೂರು ಸಂಸ್ಥಾನದ ಮಂಡ್ಯದಲ್ಲಿಯೂ, ತಿರುವಾಂಕೂರು ಸಂಸ್ಥಾನದಲ್ಲಿ ತಿರುವನಂತಪುರಕ್ಕೆ ಸಮೀಪದ ನೆಯ್ಯಾಟ್ಟಿನ್‌ಕರದಲ್ಲಿಯೂ ಮಾದರಿ ಆರೋಗ್ಯ ಘಟಕಗಳು ಆರಂಭವಾದವು. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾದು ಕುಳಿತುಕೊಳ್ಳದೆ ಆರೋಗ್ಯದ ಕೆಲಸವೇ ಮನೆಮನೆಗೆ ಹೋಗಬೇಕೆಂಬುದು ಈ ಘಟಕಗಳ ತತ್ವ. ಹೋದದ್ದನ್ನು ತೋರಿಸಬೇಕಾದರೆ ಬರೆದಿಡಬೇಕಷ್ಟೆ. ಸ್ವಾತಂತ್ರ್ಯ ಬಂದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಅವುಗಳ ಕೆಳಗೆ ಉಪಕೇಂದ್ರಗಳು ಬಂದವು. 1973ರ ಕರ್ತಾರ್ ಸಿಂಗ್ ಸಮಿತಿಯ ವರದಿಯ ತರುವಾಯ ಹೆರಿಗೆಗೊಬ್ಬರು, ಮಲೇರಿಯಾಕ್ಕೊಬ್ಬರು, ಸಿಡುಬಿಗೊಬ್ಬರು ಎಂಬ ಏರ್ಪಾಡು ಹೋಗಿ ಎಲ್ಲ ಕೆಲಸವೂ ಒಬ್ಬರದೇ ಆಯಿತು. ಎಲ್ಲ ರಿಜಿಸ್ಟರುಗಳೂ ಒಬ್ಬರದೇ ಆದವೆಂದೂ ಇದನ್ನು ಓದಿಕೊಳ್ಳಬಹುದು. ಕರ್ನಾಟಕದಲ್ಲಿ ನಾವು ಎ.ಎನ್.ಎಂ. ಎಂದೋ ‘ನರ್ಸಮ್ಮ’ ಎಂದೋ ಕರೆಯುವ ಈಕೆಗೆ ಕೇರಳದಲ್ಲಿ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್ ಎಂದು ಹೆಸರು; ಜನರ ಬಾಯಲ್ಲಿ ‘ಸಿಸ್ಟರ್’. ಬಯಲುಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಸರಕಾರದ ಅಳತೆ.

ಅರ್ಹ ದಂಪತಿಗಳ ರಿಜಿಸ್ಟರು, ಗರ್ಭಿಣಿಯರ ರಿಜಿಸ್ಟರು, ಜನನ-ಮರಣ, ಲಸಿಕೆ, ಔಷಧ ದಾಸ್ತಾನು, ಜ್ವರದ ರಕ್ತಪರೀಕ್ಷೆ, ದಿನಚರಿ: ಇವೆಲ್ಲ ಬೇರೆ ಬೇರೆ ಪುಸ್ತಕಗಳು. ಒಂದು ಮಗುವಿಗೆ ಒಂದು ಚುಚ್ಚುಮದ್ದು ಹಾಕಿದರೆ ಅದನ್ನು ತಾಯಿಯ ಕಾರ್ಡಿನಲ್ಲಿ ಒಮ್ಮೆ, ಗೀಟು ಹಾಕುವ ಹಾಳೆಯಲ್ಲಿ ಒಮ್ಮೆ, ರಿಜಿಸ್ಟರಿನಲ್ಲಿ ಒಮ್ಮೆ, ದಾಸ್ತಾನಿನಲ್ಲಿ ಕಳೆದು ಒಮ್ಮೆ, ತಿಂಗಳ ಕೊನೆಯಲ್ಲಿ ಒಟ್ಟು ಕೂಡಿಸಿ ಮತ್ತೊಮ್ಮೆ ಬರೆಯಬೇಕು. ಚುಚ್ಚುವುದಕ್ಕೆ ಅರ್ಧ ನಿಮಿಷ, ಬರೆಯುವುದಕ್ಕೆ ಹತ್ತು ನಿಮಿಷ. ನಮ್ಮ ಕಚೇರಿಯಲ್ಲಿ ಒಂದು ಪತ್ರ ಬಂದರೆ ಅದು ಎಷ್ಟು ಪುಸ್ತಕಗಳಲ್ಲಿ ಹೆಸರು ಬರೆಸಿಕೊಂಡು ಒಳಗೆ ಹೋಗುತ್ತದೆಂಬುದನ್ನು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ನಾವು ಫ್ಯಾನಿನ ಕೆಳಗೆ ಕುಳಿತು ಬರೆಯುತ್ತೇವೆ. ಆಕೆ ಏರು ಹತ್ತಿ, ತೋಡು ದಾಟಿ, ನಾಯಿಗಳಿಂದ ತಪ್ಪಿಸಿಕೊಂಡು, ಯಾರದೋ ಜಗಲಿಯ ಮೇಲೆ ಕುಳಿತು ಬರೆಯಬೇಕು.

ಕಿಸೆಯಲ್ಲಿಡುವ ಗಣಕಗಳಲ್ಲಿ ಒಂದಾದ, ಇಂಗ್ಲೆಂಡಿನ ಸೈಯಾನ್ ಕಂಪನಿಯ ಆರ್ಗನೈಸರು ಮಾರುಕಟ್ಟೆಗೆ ಬಂದುದು 1984ರಲ್ಲಿ. ಅದನ್ನು ಬಯಸಿದವರು ಮೊದಲು ವ್ಯಾಪಾರಿಗಳು, ಗೋದಾಮಿನ ಲೆಕ್ಕದವರು. ಆರೋಗ್ಯದ ಕೆಲಸದಲ್ಲಿ ಇಂಥ ಯಂತ್ರವನ್ನು ಕ್ರಮವಾಗಿ ಪರೀಕ್ಷಿಸಿದ ಮೊದಮೊದಲ ಕಡೆಗಳಲ್ಲಿ ಒಂದು ಆಫ್ರಿಕದ ಗ್ಯಾಂಬಿಯಾ. ಅಲ್ಲಿ ಆರೋಗ್ಯ ಸಮೀಕ್ಷೆಗೆ ಹೋಗುವವರ ಕೈಗೆ ಗಣಕ ಕೊಟ್ಟು ನೋಡಿದ ವರದಿ 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಗದಕ್ಕಿಲ್ಲದ ಒಂದು ಗುಣ ಈ ಯಂತ್ರಕ್ಕುಂಟು. ಮಗುವಿನ ತೂಕ 3.2 ಎಂದು ಬರೆಯುವಲ್ಲಿ 32 ಎಂದು ಬರೆದರೆ ಕಾಗದ ಸುಮ್ಮನಿರುತ್ತದೆ. ಆ ತಪ್ಪು ತಾಲೂಕು ದಾಟಿ, ಜಿಲ್ಲೆ ದಾಟಿ, ಒಟ್ಟು ಮೊತ್ತದಲ್ಲಿ ಕರಗಿಹೋಗುತ್ತದೆ. ಯಂತ್ರವಾದರೋ ತಾಯಿ ಎದುರಿಗಿರುವಾಗಲೇ ‘ಇದು ಸರಿಯೆ?’ ಎಂದು ಕೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಅಂಗೈ ಗಣಕದ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೇ ಗಟ್ಟಿಯಾದುದು. ವೇಗದ ಮಾತೆಲ್ಲ ಆಮೇಲಿನದು.

ನಮ್ಮ ದೇಶದಲ್ಲಿ ಮೊದಲ ಗಣನೀಯ ಪ್ರಯತ್ನ ನಡೆದುದು ರಾಜಸ್ಥಾನದ ಅಜ್ಮೀರ ಜಿಲ್ಲೆಯಲ್ಲಿ. 1993ರಲ್ಲಿ ಆಪಲ್ ಕಂಪನಿ ನ್ಯೂಟನ್ ಎಂಬ, ಕಡ್ಡಿಯಿಂದ ಗಾಜಿನ ಮೇಲೆ ಬರೆಯುವ ಗಣಕವನ್ನು ಹೊರತಂದಿತ್ತು. ಅದನ್ನು ಎ.ಎನ್.ಎಂ.ಗಳ ಕೈಗೆ ಕೊಟ್ಟರೆ ಹೇಗೆ ಎಂದು ಕಂಪನಿಯ ಸಂಶೋಧಕರು ಹಳ್ಳಿಗಳಿಗೆ ಬಂದು, ದಾದಿಯರ ಹಿಂದೆ ಓಡಾಡಿ, ಅವರ ರಿಜಿಸ್ಟರುಗಳನ್ನು ತಿರುವಿಹಾಕಿ, ಹಿಂದಿ ಲಿಪಿಯಲ್ಲಿ ಚಿತ್ರಗಳೊಡನೆ ತೆರೆಯನ್ನು ರಚಿಸಿದರು. 1997ರಲ್ಲಿ ಆ ಕೆಲಸದ ಪ್ರಬಂಧ ಪ್ರಕಟವಾಯಿತು. ಹಳ್ಳಿಯ ದಾದಿಯ ಬರವಣಿಗೆಯನ್ನು ಬರವಣಿಗೆಯೆಂದು ಗೌರವಿಸಿ ಅಧ್ಯಯನ ಮಾಡಿದ ಕೆಲವೇ ಪ್ರಬಂಧಗಳಲ್ಲಿ ಅದೊಂದು. ಆದರೆ ಸುಮಾರು 700 ಡಾಲರಿನ ಯಂತ್ರವನ್ನು ದೇಶದ ಲಕ್ಷಾಂತರ ಉಪಕೇಂದ್ರಗಳಿಗೆ ಕೊಡುವವರು ಯಾರು? 1998ರಲ್ಲಿ ಕಂಪನಿಯೇ ನ್ಯೂಟನ್ನನ್ನು ನಿಲ್ಲಿಸಿಬಿಟ್ಟಿತು. ಮುಂದೆ ಆಂಧ್ರದ ನಲ್ಗೊಂಡ ಜಿಲ್ಲೆಯಲ್ಲಿ ಅದೇ ಪ್ರಯೋಗ ಬೇರೆ ಕಂಪನಿಯ ಯಂತ್ರದಲ್ಲಿ ನಡೆಯಿತು. ಪರದೇಶದ ಯಂತ್ರವನ್ನು ನೆಚ್ಚಿದರೆ, ಅವರ ಅಂಗಡಿ ಮುಚ್ಚಿದ ದಿನ ನಮ್ಮ ಉಪಕೇಂದ್ರವೂ ಮುಚ್ಚಿದಂತೆಯೇ.

ಈ ಮಾತನ್ನು ಬೆಂಗಳೂರಿನಲ್ಲಿ ಕೆಲವರು ಆಗಲೇ ಮನಗಂಡಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಪ್ರಾಧ್ಯಾಪಕರೂ, ವಿನಯ್ ದೇಶಪಾಂಡೆಯವರ ಎನ್‌ಕೋರ್ ಸಂಸ್ಥೆಯವರೂ ಸೇರಿ 1999ರಲ್ಲಿ ಒಂದು ಟ್ರಸ್ಟನ್ನು ಸ್ಥಾಪಿಸಿ ‘ಸಿಂಪ್ಯೂಟರ್’ ರಚನೆಗೆ ತೊಡಗಿದರು. 2001ರ ಏಪ್ರಿಲ್‌ನಲ್ಲಿ ಅದನ್ನು ಜನರ ಮುಂದಿಟ್ಟರು. ಗುರಿಯಿಟ್ಟುಕೊಂಡ ಬೆಲೆ ಸುಮಾರು 9,000 ರೂಪಾಯಿ. ಒಬ್ಬೊಬ್ಬರಿಗೂ ಒಂದೊಂದು ಯಂತ್ರವೇಕೆ, ಊರಿಗೊಂದು ಸಾಕು. ಒಬ್ಬೊಬ್ಬರಿಗೂ ಒಂದು ಚಿಪ್ ಕಾರ್ಡ್ ಇದ್ದರೆ ಅವರವರ ವಿವರ ಅದರಲ್ಲಿರುತ್ತದೆ ಎಂಬುದು ಅವರ ವಿಚಾರ. ನಮ್ಮ ಹಳ್ಳಿಗಳನ್ನು ಕಂಡವರಿಗೆ ಮಾತ್ರ ಹೊಳೆಯುವ ವಿಚಾರ ಅದು. ಇನ್ನೂ ಒಂದು ವಿಶೇಷವಿತ್ತು. ಓದು ಬಾರದವರಿಗೂ ಯಂತ್ರ ಉಪಯೋಗಕ್ಕೆ ಬರಲೆಂದು ಬರೆದುದನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ಅದಕ್ಕೆ ಕೂಡಿಸಿದ್ದರು. ಆ ತಂತ್ರಾಂಶ ಮೊದಲು ಕಲಿತ ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು. ಕೆಲವು ವರ್ಷಗಳ ಮೇಲೆ ಕೇರಳದ ಸಂತೋಷ್ ತೋಟ್ಟಿಂಗಲ್ ಎಂಬವರು ಅದೇ ‘ಧ್ವನಿ’ಯನ್ನು ಮುಂದುವರಿಸಿ ಅದಕ್ಕೆ ಮಲಯಾಳವನ್ನೂ ಕಲಿಸಿದರು. ಬೆಂಗಳೂರಿನ ಯಂತ್ರದ ಕಂಠ ಮಲಯಾಳ ನುಡಿಯಿತೆಂದರೆ ನಮಗೆ ಸಂತೋಷವಾಗದೆ ಇರುತ್ತದೆಯೆ?

2001ರ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಯಲ್ಲಿ ಬ್ರೂಸ್ ಸ್ಟರ್ಲಿಂಗ್ ಎಂಬ ಲೇಖಕ ಸಿಂಪ್ಯೂಟರನ್ನು ಆ ವರ್ಷದ ಅತಿ ಮಹತ್ವದ ಗಣಕ ಸಾಧನೆಯೆಂದು ಕೊಂಡಾಡಿದ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿ ತಯಾರಾಗಿ ‘ಅಮಿಡಾ’ ಎಂಬ ಹೆಸರಿನಿಂದ ಅಂಗಡಿಗೂ ಬಂತು. ಕೈಯಲ್ಲಿ ಹಿಡಿದು ವಾಲಿಸಿದರೆ ಅದನ್ನು ಅರಿಯುವ ಗುಣ ಅದಕ್ಕಿತ್ತು; ಐಫೋನ್ ಬಂದುದು ಅದಾದ ಮೂರು ವರ್ಷಕ್ಕೆ. ಆದರೂ ಸಿಂಪ್ಯೂಟರ್ ಮಾರಾಟವಾದುದು ಕೆಲವೇ ಸಾವಿರ. ಅದು ಸೋತುದಕ್ಕೆ ನೂರು ಕಾರಣ ಹೇಳುತ್ತಾರೆ. ನನಗೆ ಕಾಣುವ ಕಾರಣ ಒಂದೇ: ಬಡವರಿಗಾಗಿ ಮಾಡಿದ ಯಂತ್ರವನ್ನು ಬಡವರು ಕೊಳ್ಳಲಾರರು, ಅವರ ಪರವಾಗಿ ಕೊಳ್ಳಬೇಕಾದುದು ಸರಕಾರ, ಸರಕಾರ ಕೊಳ್ಳುವ ಹೊತ್ತಿಗೆ ಕಾಲ ಮುಂದೆ ಹೋಗಿರುತ್ತದೆ. ಟೆಂಡರ್ ಕಡತ ಎಷ್ಟು ಮೇಜುಗಳ ಮೇಲೆ ಮಲಗಿ ಏಳುತ್ತದೆಂಬುದನ್ನು ನಾನು ಇಲ್ಲಿ ವರ್ಣಿಸಬೇಕಾಗಿಲ್ಲ.

ಆ ಕಾಲವನ್ನು ಮುಂದೆ ಒಯ್ದುದು ಮೊಬೈಲ್ ಫೋನು. ಕೇರಳದಲ್ಲಿ ಅದರ ಮೊದಲ ಕರೆ ಹೋದುದು ಕೊಚ್ಚಿಯಿಂದ, 1996ರ ಸೆಪ್ಟೆಂಬರ್ 17ರಂದು. ಮಾತನಾಡಿದವರು ‘ಚೆಮ್ಮೀನ್’ ಕಾದಂಬರಿಯ ಕರ್ತೃ ತಕಳಿ ಶಿವಶಂಕರ ಪಿಳ್ಳೆ. ಆ ಕಡೆ ಕೇಳಿದವರು ದಕ್ಷಿಣ ನೌಕಾದಳದ ಮುಖ್ಯಸ್ಥ ವೈಸ್ ಅಡ್ಮಿರಲ್ ಎ. ಆರ್. ಟಂಡನ್. ಮೀನುಗಾರರ ಬಾಳನ್ನು ಬರೆದ ಲೇಖಕರ ಕೈಯಲ್ಲಿ ಆ ಉಪಕರಣ ಮೊದಲು ನುಡಿದುದು ಒಂದು ಯೋಗಾಯೋಗ. ಏಕೆಂದರೆ ಅದರಿಂದ ಬೇಗನೆ ಲಾಭ ಪಡೆದವರೂ ಕೇರಳದ ಮೀನುಗಾರರೇ. ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳ ದೋಣಿಯವರು ಕಡಲಿನಿಂದಲೇ ಫೋನು ಮಾಡಿ ಯಾವ ದಡದಲ್ಲಿ ಬೂತಾಯಿಗೆ ಬೆಲೆಯಿದೆಯೆಂದು ತಿಳಿದು ಅಲ್ಲಿಗೇ ಹೋಗತೊಡಗಿದ್ದನ್ನು ರಾಬರ್ಟ್ ಜೆನ್ಸೆನ್ ಎಂಬ ಅರ್ಥಶಾಸ್ತ್ರಜ್ಞ 2007ರಲ್ಲಿ ವಿವರವಾಗಿ ಬರೆದಿದ್ದಾನೆ. ಮೀನುಗಾರನಿಗೆ ಫೋನು ಕೊಳ್ಳಿರೆಂದು ಯಾವ ಇಲಾಖೆಯೂ ಸುತ್ತೋಲೆ ಹೊರಡಿಸಲಿಲ್ಲ. ಅವನಿಗೆ ಬೇಕಾದ ಸುದ್ದಿ ಅವನ ಕೈಗೇ ಬರುತ್ತಿತ್ತು, ಅದಕ್ಕಾಗಿ ಕೊಂಡ. ದಾದಿಯ ಕೈಗೆ ಬಂದ ಯಂತ್ರ ಮಾತ್ರ ಬಹುಕಾಲ ಆಕೆಯಿಂದ ಸುದ್ದಿ ತೆಗೆದುಕೊಳ್ಳುವುದಕ್ಕಾಗಿ ಬಂದುದು. ಇವೆರಡರ ಅಂತರವನ್ನು ಯೋಜನೆ ಬರೆಯುವವರು ಗಮನಿಸಿದ್ದರೆ ಎಷ್ಟೋ ಹಣ ಉಳಿಯುತ್ತಿತ್ತು.

ಕೇರಳ ಈ ವಿಷಯದಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಓಸ್ಲೋ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಬೆಳೆದ ಡಿ.ಎಚ್.ಐ.ಎಸ್.-2 ಎಂಬ, ಆರೋಗ್ಯದ ಅಂಕಿ-ಅಂಶಗಳನ್ನು ಕೂಡಿಸುವ ಸ್ವತಂತ್ರ ತಂತ್ರಾಂಶವನ್ನು ಮೊದಲು ಬಳಕೆಗೆ ತಂದುದು 2006ರಲ್ಲಿ ಕೇರಳದ ಆರೋಗ್ಯ ಕೇಂದ್ರಗಳಲ್ಲಿ. ಇಂದು ಎಪ್ಪತ್ತಕ್ಕಿಂತ ಹೆಚ್ಚು ದೇಶಗಳಲ್ಲಿ ಅದು ನಡೆಯುತ್ತಿದೆ. ಆದರೆ ಅದು ಮೇಜಿನ ಮೇಲಿನ ಗಣಕದ ಕಥೆ. ದಾದಿಯರು ಬರೆದು ತಂದುದನ್ನು ಕೇಂದ್ರದಲ್ಲಿ ಕುಳಿತು ಒಳಸೇರಿಸುವ ಕೆಲಸ ಅದು. ಯಂತ್ರ ಮನೆಬಾಗಿಲಿಗೆ ಹೋದುದು ಮುಂದಿನ ದಶಕದಲ್ಲಿ. ಕೇರಳ ಸರಕಾರ ಇ-ಹೆಲ್ತ್ ಯೋಜನೆಯನ್ನು ಕೈಗೊಂಡಾಗ ತಿರುವನಂತಪುರವನ್ನೇ ಪ್ರಯೋಗದ ಜಿಲ್ಲೆಯಾಗಿ ಆರಿಸಿ, ಮನೆ ಭೇಟಿಯ ದಾದಿಯರ ಕೈಗೆ ಟ್ಯಾಬ್ಲೆಟ್ ಕೊಟ್ಟಿತು. 2016ರಲ್ಲಿ ಕೇಂದ್ರ ಸರಕಾರವೂ ‘ಅನ್ಮೋಲ್’ ಎಂಬ ತಂತ್ರಾಂಶವನ್ನು ಎ.ಎನ್.ಎಂ.ಗಳಿಗಾಗಿ ಆಂಧ್ರದಲ್ಲಿ ಆರಂಭಿಸಿತು. ನೆಟ್‌ವರ್ಕ್ ಇಲ್ಲದ ಕಡೆ ಬರೆದಿಟ್ಟುಕೊಂಡು, ಸಿಕ್ಕ ಕಡೆ ಕಳುಹಿಸುವ ಸೌಕರ್ಯ ಅದರಲ್ಲಿದೆ. ಯಾವ ಗರ್ಭಿಣಿಯ ತಪಾಸಣೆ ಬಾಕಿ, ಯಾವ ಮಗುವಿನ ಲಸಿಕೆ ಈ ವಾರ ಎಂಬ ಪಟ್ಟಿಯನ್ನು ಅದು ದಾದಿಗೇ ಹಿಂದಿರುಗಿಸುತ್ತದೆ. ನನ್ನ ಎಣಿಕೆಯಲ್ಲಿ ಆಕೆಯ ಯಂತ್ರ ಆಕೆಗಾಗಿ ಕೆಲಸ ಮಾಡತೊಡಗಿದುದು ಈ ಬಾಕಿ ಪಟ್ಟಿಯಿಂದಲೇ.

ತಿರುವನಂತಪುರದಲ್ಲಿ ನಾವಿದ್ದ ಬಾಡಿಗೆ ಮನೆಗೆ ಒಮ್ಮೆ ಒಬ್ಬ ಸಿಸ್ಟರ್ ಯಾವುದೋ ಗಣತಿಗಾಗಿ ಬಂದರು. ಕೈಯಲ್ಲಿ ಟ್ಯಾಬ್ಲೆಟ್, ಕಂಕುಳಲ್ಲಿ ಉದ್ದದ ನೋಟುಪುಸ್ತಕ. ಬಿಸಿಲಿಗೆ ತೆರೆ ಕಾಣದೆ ಒಳಗೆ ಬಂದು ಕುಳಿತರು. ಮೊದಲನೆಯ ಪ್ರಶ್ನೆ, “ವೀಟ್ಟುಪೇರ್?” ಕೇರಳದಲ್ಲಿ ಮನುಷ್ಯನಿಗಿಂತ ಮೊದಲು ಮನೆಗೆ ಹೆಸರಿರಬೇಕು. ನಮ್ಮಾಕೆ, “ನಮಗೆ ಮನೆ ಹೆಸರಿಲ್ಲ ಸಿಸ್ಟರ್, ಬಾಡಿಗೆಯವರು” ಎಂದಳು. ಆ ಜಾಗ ತುಂಬದೆ ಯಂತ್ರ ಮುಂದಕ್ಕೆ ಹೋಗಲೊಲ್ಲದು. ಕೊನೆಗೆ ಮಾಲಿಕರ ಮನೆಯ ಹೆಸರನ್ನೇ ನಮ್ಮದೆಂದು ಬರೆದದ್ದಾಯಿತು. ಎಲ್ಲ ಮುಗಿದ ಮೇಲೆ ಅವರು ನೋಟುಪುಸ್ತಕ ತೆರೆದು ಪೆನ್ನಿನಲ್ಲಿ ಮತ್ತೆ ಬರೆದುಕೊಳ್ಳತೊಡಗಿದರು. “ಯಂತ್ರದಲ್ಲಿ ಬರೆದಾಯಿತಲ್ಲ ಸಿಸ್ಟರ್, ಮತ್ತೇಕೆ?” ಎಂದು ಕೇಳಿದೆ. “ಅದು ಆಫೀಸಿಗೆ ಸಾರ್, ಇದು ನನಗೆ” ಎಂದರು. ನೋಟುಪುಸ್ತಕದಲ್ಲಿ ನಮ್ಮ ಮನೆಯ ಗುರುತು ‘ಕರ್ನಾಟಕದವರು, ನೀಲಿ ಗೇಟು’ ಎಂದಿತ್ತು. ಮುಂದಿನ ಸಲ ಹುಡುಕಿಕೊಂಡು ಬರಲು ಆ ಗುರುತೇ ಸಾಕು.

ಕಾಸರಗೋಡಿನ ಕಡೆ ಈ ತೊಡಕು ಇನ್ನೊಂದು ರೂಪದಲ್ಲಿದೆ. ಮಂಜೇಶ್ವರ, ಕುಂಬಳೆಯ ಮನೆಗಳಲ್ಲಿ ಕೇಳುವುದು ಕನ್ನಡದಲ್ಲೋ ತುಳುವಿನಲ್ಲೋ. ಬರೆಯಬೇಕಾದುದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ. ಗಣಕಕ್ಕೆ ಲಿಪಿ ಬದಲಿಸುವುದು ಕಷ್ಟವಲ್ಲ. ಬದಲಿಸಬೇಕೆಂದು ತೋರಬೇಕು, ಅಷ್ಟೆ.

ಆಸ್ಪತ್ರೆಯ ವಾರ್ಡಿನಲ್ಲಿ ಅಂಗೈ ಗಣಕದ ಕೆಲಸ ಬೇರೆ ಬಗೆಯದು. ರೋಗಿಯ ಮಣಿಕಟ್ಟಿಗೆ ಗೆರೆಗಳ ಗುರುತುಳ್ಳ ಪಟ್ಟಿ ಕಟ್ಟಿರುತ್ತಾರೆ. ಔಷಧದ ಮೇಲೂ ಅಂಥದೇ ಗುರುತು. ದಾದಿ ಎರಡನ್ನೂ ಯಂತ್ರಕ್ಕೆ ತೋರಿಸಿದರೆ, ಈ ಔಷಧ ಈ ರೋಗಿಗೆ ಈ ಹೊತ್ತಿಗೆ ಸಲ್ಲುವುದೇ ಎಂದು ಅದು ಹೇಳುತ್ತದೆ. ಕೊಚ್ಚಿಯಲ್ಲಿ ನಮ್ಮ ಅತ್ತೆಯವರ ಶುಶ್ರೂಷೆಗೆಂದು ಒಂದು ಆಸ್ಪತ್ರೆಯಲ್ಲಿ ರಾತ್ರಿ ಕುಳಿತಿದ್ದಾಗ ಪಕ್ಕದ ಹಾಸಿಗೆಯ ಹಿರಿಯರು, “ಈ ಮಕ್ಕಳು ನನ್ನ ಮುಖ ನೋಡುವುದೇ ಇಲ್ಲ, ಕೈಯನ್ನೇ ನೋಡುತ್ತಾರೆ” ಎಂದು ಗೊಣಗುತ್ತಿದ್ದರು. ಅವರ ಮಾತಿನಲ್ಲಿ ಸತ್ಯವಿತ್ತು. ಆದರೆ ಒಂದೇ ಹೆಸರಿನ ಇಬ್ಬರು ಅಕ್ಕಪಕ್ಕದ ಹಾಸಿಗೆಯಲ್ಲಿದ್ದರೆ, ರಾತ್ರಿ ಎರಡು ಗಂಟೆಗೆ, ಹನ್ನೊಂದನೆಯ ಗಂಟೆಯ ದುಡಿಮೆಯಲ್ಲಿರುವ ಹುಡುಗಿ ಮುಖ ನೋಡುವುದಕ್ಕಿಂತ ಮಣಿಕಟ್ಟು ನೋಡುವುದೇ ಕ್ಷೇಮ.

ಬರವಣಿಗೆಯ ದೊಡ್ಡ ಪರೀಕ್ಷೆ ಬಂದುದು ಕೋವಿಡ್ ಕಾಲದಲ್ಲಿ. 2021ರ ಜನವರಿ 16ರಿಂದ ದೇಶದಲ್ಲಿ ಲಸಿಕೆ ಹಾಕತೊಡಗಿದಾಗ ಒಂದೊಂದು ಚುಚ್ಚಿಗೂ ಕೋವಿನ್ ಎಂಬ ಒಂದೇ ಪುಸ್ತಕದಲ್ಲಿ ಲೆಕ್ಕವಿತ್ತು. ಮೇ 4ರಂದು ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಒಂದು ಲೆಕ್ಕ ಪ್ರಕಟಿಸಿದರು: ಕೇಂದ್ರದಿಂದ ಬಂದ ಲಸಿಕೆ 73,38,806 ಡೋಸು, ಹಾಕಿದ್ದು 74,26,164 ಡೋಸು. ಬಂದುದಕ್ಕಿಂತ ಖರ್ಚಾದುದು 87,358 ಹೆಚ್ಚು! ನಮ್ಮ ಕಚೇರಿಯಲ್ಲಿ ಇಂಥ ಲೆಕ್ಕ ಬರೆದರೆ ಆಡಿಟಿನವರು ಆ ಸಂಜೆಯೇ ವಿವರಣೆ ಕೇಳುತ್ತಾರೆ. ಇಲ್ಲಿಯ ವಿವರಣೆ ಸರಳವಾಗಿದೆ. ಹತ್ತು ಡೋಸಿನ ಶೀಶೆಯಲ್ಲಿ, ನಷ್ಟಕ್ಕೆಂದು ತುಸು ಹೆಚ್ಚು ಔಷಧ ತುಂಬಿರುತ್ತಾರೆ. ಕೇರಳದ ದಾದಿಯರು ಹನಿಯೂ ಸೋರದಂತೆ ಎಳೆದು ಅದರಲ್ಲಿ ಹನ್ನೊಂದನೆಯ ಡೋಸನ್ನೂ ತೆಗೆದಿದ್ದರು. ಮುಖ್ಯಮಂತ್ರಿಗಳು ದಾದಿಯರನ್ನೇ ಹೆಸರಿಸಿ ಮೆಚ್ಚಿದರು. ಮರುದಿನ ಪ್ರಧಾನಿಯವರೂ ಮೆಚ್ಚುಗೆ ಸೂಚಿಸಿದರು. ಆ ಕೈಚಳಕ ದಾದಿಯರದು, ಯಾವ ಗಣಕವೂ ಕಲಿಸಿದ್ದಲ್ಲ. ಆದರೆ ಒಂದೊಂದು ಡೋಸನ್ನೂ ಹಾಕಿಸಿಕೊಂಡವರ ಹೆಸರಿನೊಡನೆ ಬರೆದಿರದಿದ್ದರೆ ಈ 87,358 ಎಲ್ಲರ ಕಣ್ಣಿಗೂ ಲೆಕ್ಕದ ತಪ್ಪಾಗಿಯೇ ಕಾಣುತ್ತಿತ್ತು. ರಿಜಿಸ್ಟರು ದಾದಿಯ ಪರವಾಗಿ ಸಾಕ್ಷಿ ನುಡಿದ ಅಪರೂಪದ ಸಂದರ್ಭವಿದು.

ಈಗ ಈ ಕೆಲಸದ ದೊಡ್ಡ ಪಾಲು ದಾದಿಯ ಕೈಯಿಂದ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದಿದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆಯರು ಕೇರಳದಲ್ಲಿ ಇಪ್ಪತ್ತಾರು ಸಾವಿರದಷ್ಟಿದ್ದಾರೆ. 2022ರಲ್ಲಿ ರಾಜ್ಯ ಸರಕಾರ ‘ಶೈಲಿ’ ಎಂಬ ಆ್ಯಪನ್ನು ಹೊರತಂದು, 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆ ಮುಂತಾದವುಗಳ ಸಮೀಕ್ಷೆಗೆ ಇವರನ್ನು ಮನೆಮನೆಗೆ ಕಳುಹಿಸಿತು. ಮೊದಲ ಸುತ್ತಿನಲ್ಲಿಯೇ ಒಂದೂವರೆ ಕೋಟಿಗೂ ಹೆಚ್ಚು ಜನರ ವಿವರ ಸೇರಿತು. ನೈಟಿಂಗೇಲ್ ಕಂಡಿದ್ದರೆ ಕಣ್ಣರಳಿಸುತ್ತಿದ್ದಳು. ಆದರೆ ಇಷ್ಟನ್ನೂ ಬೆರಳಿನಿಂದ ಒತ್ತಿ ಒತ್ತಿ ತುಂಬಿದವರು ಸಂಬಳದ ನೌಕರರಲ್ಲ, ಗೌರವಧನದ ‘ಸ್ವಯಂಸೇವಕಿಯರು’. 2025ರ ಫೆಬ್ರವರಿ 10ರಂದು ಅವರಲ್ಲಿ ಒಂದು ಗುಂಪು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಹಗಲಿರುಳಿನ ಧರಣಿ ಕುಳಿತಿತು. ತಿಂಗಳಿಗೆ 7,000 ರೂಪಾಯಿ ಇದ್ದ ಗೌರವಧನವನ್ನು 21,000ಕ್ಕೆ ಏರಿಸಬೇಕೆಂಬುದು ಅವರ ಬೇಡಿಕೆ. ಧರಣಿ ಬೇಸಗೆ ಕಳೆದು, ಎರಡೂ ಮಳೆಗಾಲಗಳನ್ನು ಕಂಡಿತು. ಅಕ್ಟೋಬರ್ ಕೊನೆಯಲ್ಲಿ ಸರಕಾರ 1,000 ರೂಪಾಯಿ ಹೆಚ್ಚಿಸಿರುವುದಾಗಿ ಘೋಷಿಸಿತು. ನವೆಂಬರ್ ಹುಟ್ಟಿದಾಗ ಅವರು ಸೆಕ್ರೆಟರಿಯೇಟಿನ ಮುಂದಿನ ಧರಣಿ ನಿಲ್ಲಿಸಿ, ಹೋರಾಟವನ್ನು ಜಿಲ್ಲೆಗಳಿಗೆ ಒಯ್ಯುವುದಾಗಿ ಹೇಳಿ ಎದ್ದರು.